ಹಳೆಯ ದೋಣಿಗೆ ಮತ್ತೆ ನೀರು

ಕಲ್ಯಾಣವನ್ನು 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೊಂದಿದ್ದು, ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಮೇವು, ಗಾಳದ ದಾರ, ಗಾಳದ ಕೋಲು ಇವೆಲ್ಲವನ್ನೂ ಅದು ಅರಸನು ತಿಳಿದಿರಬೇಕಾದ ವಿಷಯಗಳೆಂದು ವಿವರಿಸುತ್ತದೆ. ಅದೇ ಶತಮಾನದಲ್ಲಿ, ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡಿದ್ದ ಅಂಬಿಗರ ಚೌಡಯ್ಯನು ತನ್ನ ವಚನಗಳಿಗೆ ದೈವದ ಹೆಸರನ್ನು ಇಡದೆ ತನ್ನ ಹೆಸರನ್ನೇ ಅಂಕಿತವಾಗಿ ಇರಿಸಿದನು. ಅವನ ಹೆಸರಿನ ಗವಿಯೊಂದು ಬಸವಕಲ್ಯಾಣದಲ್ಲಿ ಇಂದಿಗೂ ಇದೆ. ಇಂತಹ ನೆಲದಲ್ಲಿ, ಹಳತಾದ ದೋಣಿಯೊಂದನ್ನು ದುರಸ್ತಿ ಮಾಡಿ ಮತ್ತೆ ನೀರಿಗಿಳಿಸುವ ಕೆಲಸವನ್ನು ಬರಿಯ ಗುಜರಿ ವ್ಯವಹಾರವೆಂದು ತಳ್ಳಿಹಾಕುವುದು ಸಲ್ಲದು.

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಮೀನುಗಾರಿಕೆಯು ಹೆಚ್ಚಾಗಿ ಕಟ್ಟಿ ನಿಲ್ಲಿಸಿದ ನೀರನ್ನು, ಎಂದರೆ ಕೆರೆಗಳನ್ನೂ ಚುಳಕಿ ನಾಲಾ, ಮುಲ್ಲಾಮಾರಿ, ನೆರೆಯ ಕಾರಂಜಾ ಜಲಾಶಯಗಳನ್ನೂ ನೆಚ್ಚಿಕೊಂಡಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ದಡವೂ ದೂರ ಸರಿಯುವುದರಿಂದ ಇಲ್ಲಿ ದೋಣಿಯು ಹಗುರವಾಗಿರಬೇಕು. ಕರ್ನಾಟಕದ ಒಳನಾಡಿನ ಬೆಸ್ತರು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಹರಿಗೋಲನ್ನು ತಲೆಮಾರುಗಳ ಕಾಲ ಬಳಸಿದ್ದಕ್ಕೆ, ಅದನ್ನು ಒಬ್ಬನೇ ಹೊತ್ತು ನಡೆಯಬಹುದೆಂಬುದೂ ಒಂದು ಕಾರಣ. ಅಲ್ಯೂಮಿನಿಯಂ ದೋಣಿಗೂ ಅದೇ ಗುಣವಿದೆ. ಈ ಲೋಹದ ತೂಕ ಅದೇ ಗಾತ್ರದ ಉಕ್ಕಿನ ತೂಕದ ಸುಮಾರು ಮೂರನೆಯ ಒಂದು ಪಾಲು ಮಾತ್ರ, ಆದ್ದರಿಂದ ಸಣ್ಣ ದೋಣಿಯೊಂದನ್ನು ಎರಡು ಚಕ್ರದ ಟ್ರೇಲರ್ ಮೇಲಿರಿಸಿ ಒಂದು ಜಲಾಶಯದಿಂದ ಇನ್ನೊಂದಕ್ಕೆ ಸುಲಭವಾಗಿ ಒಯ್ಯಬಹುದು.

ದುರಸ್ತಿಯನ್ನು ಬಣ್ಣದಿಂದ ಆರಂಭಿಸುವುದು ದೊಡ್ಡ ತಪ್ಪು, ಏಕೆಂದರೆ ಬಣ್ಣವು ತೂತನ್ನು ಮುಚ್ಚುವುದಿಲ್ಲ, ಮರೆಮಾಡುತ್ತದೆ. ಮೊದಲು ಆಗಬೇಕಾದದ್ದು ಸೋರಿಕೆಯ ಪರೀಕ್ಷೆ: ದೋಣಿಯ ಅಡಿಗೆ ಭದ್ರವಾದ ಆಧಾರ ಕೊಟ್ಟು, ಒಳಗೆ ಸ್ವಲ್ಪ ನೀರು ತುಂಬಿ, ಕೆಳಗಿನಿಂದ ಕಣ್ಣಿಟ್ಟು ನೋಡಿದರೆ, ಹಾಳೆಗಳನ್ನು ಜೋಡಿಸುವ ಮೊಳೆಯಂತಹ ರಿವೆಟ್‌ಗಳಲ್ಲಿ ಯಾವುದು ಸಡಿಲವಾಗಿದೆಯೋ ಅದರ ತಲೆಯ ಸುತ್ತ ನೀರು ಜಿನುಗಿ, ಹನಿಗಟ್ಟಿ, ತೊಟ್ಟಿಕ್ಕುವುದು ಕಾಣುತ್ತದೆ, ಅಲ್ಲಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಳ್ಳಬೇಕು. ಸಡಿಲವಾದ ರಿವೆಟ್‌ನ ಒಂದು ತುದಿಗೆ ಭಾರದ ಉಕ್ಕಿನ ಗಟ್ಟಿಯನ್ನು ಒಬ್ಬರು ಒತ್ತಿಹಿಡಿದಿರುವಾಗ ಇನ್ನೊಬ್ಬರು ಮತ್ತೊಂದು ತುದಿಯನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಇದು ಒಂಟಿ ಕೈಯ ಕೆಲಸವಲ್ಲ. ಬಿರುಕಿಗೆ ಬೆಸುಗೆ ಹಾಕುವುದು ಇನ್ನೂ ನಾಜೂಕಿನ ಕೆಲಸ, ಏಕೆಂದರೆ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಗಾಳಿ ತಾಕಿ ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪದರವು ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕಾಗುತ್ತದೆ; ಆ ಪದರವನ್ನು ಸ್ಟೇನ್‌ಲೆಸ್ ಉಕ್ಕಿನ ಬ್ರಷ್‌ನಿಂದ ಉಜ್ಜಿ ತೆಗೆಯದೆ ಹಾಕಿದ ಬೆಸುಗೆ ನಿಲ್ಲುವುದಿಲ್ಲ.

ಈ ಲೋಹವು ಉಕ್ಕಿನಂತೆ ತುಕ್ಕು ಹಿಡಿಯದಿದ್ದರೂ ಅದಕ್ಕೆ ಬೇರೊಂದು ಶತ್ರುವಿದೆ. ಒದ್ದೆಯಲ್ಲಿ ಎರಡು ಬೇರೆ ಲೋಹಗಳು ತಾಗಿಕೊಂಡಿದ್ದರೆ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿದು, ಅವುಗಳಲ್ಲಿ ದುರ್ಬಲವಾದ ಲೋಹ ಸವೆಯುತ್ತದೆ. ಇದಕ್ಕೆ ಗ್ಯಾಲ್ವನಿಕ್ ಸವೆತವೆಂದು ಹೆಸರು. ದೋಣಿಯ ತಳದ ಕೊಳೆನೀರಿನಲ್ಲಿ ಮರೆತುಹೋದ ಒಂದು ತಾಮ್ರದ ನಾಣ್ಯವೂ ಕಾಲಕ್ರಮದಲ್ಲಿ ಹಾಳೆಯನ್ನು ತಿಂದು ತೂತು ಮಾಡಬಲ್ಲದು. ಆದ್ದರಿಂದ ಇಂಜಿನ್ ಕೂರಿಸುವ ಹಿಂಬದಿಯ ಹಲಗೆ ಕೊಳೆತಿದ್ದರೆ, ತಾಮ್ರದ ಲವಣದಲ್ಲಿ ಅದ್ದಿದ ಮರವನ್ನು ಅದರ ಜಾಗಕ್ಕೆ ತರಬಾರದು. ನೀರು ತಡೆಯುವ ಪ್ಲೈವುಡ್ಡಿಗೆ ಎಲ್ಲ ಅಂಚುಗಳಲ್ಲೂ ಎಪಾಕ್ಸಿ ಬಳಿದು ಕೂರಿಸಬೇಕು.

ಈ ಕೆಲಸಗಳಿಗೆ ಬೇಕಾದ ಕೈಚಳಕವನ್ನು ದೂರದಿಂದ ತರಿಸಬೇಕಾಗಿಲ್ಲ. ಹುಮನಾಬಾದನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ, ಬಸವಕಲ್ಯಾಣದ ಬದಿಯ ಸಸ್ತಾಪುರ ಬಂಗ್ಲಾದಲ್ಲಿ ಲಾರಿ ದುರಸ್ತಿಯನ್ನೇ ಬದುಕಾಗಿಸಿಕೊಂಡ ಕುಶಲಕರ್ಮಿಗಳಿದ್ದಾರೆ. ತಗಡು, ಬೆಸುಗೆ, ಆಕ್ಸಲ್, ಸ್ಪ್ರಿಂಗ್ ಪಟ್ಟಿ ಇವೆಲ್ಲ ಅವರಿಗೆ ನಿತ್ಯದ ಮಾತು. ಟ್ರೇಲರ್ ಎಂಬುದು ಅವರ ಪಾಲಿಗೆ ಚಿಕ್ಕ ವಾಹನವೇ ಸರಿ, ಆದರೆ ಲಾರಿಗೆ ಇಲ್ಲದ ಒಂದು ಕಷ್ಟ ಅದಕ್ಕಿದೆ: ಅದರ ಚಕ್ರಗಳು ನೀರಿಗಿಳಿಯುತ್ತವೆ. ರಸ್ತೆಯಲ್ಲಿ ಓಡಿ ಬಿಸಿಯಾದ ಗುಂಬವನ್ನು, ಅಂದರೆ ಬೇರಿಂಗ್ ಕುಳಿತಿರುವ ಚಕ್ರದ ನಡುಭಾಗವನ್ನು, ತಣ್ಣೀರಿನಲ್ಲಿ ಒಮ್ಮೆಲೇ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಕೆಟ್ಟು, ಬೇರಿಂಗ್ ತುಕ್ಕು ಹಿಡಿದು, ಮುಂದೊಂದು ದಿನ ನಡುದಾರಿಯಲ್ಲಿ ಚಕ್ರ ಕೈಕೊಡುತ್ತದೆ. ಗುಂಬವನ್ನು ಮುಟ್ಟಿ ನೋಡಿ, ಅದು ಆರುವವರೆಗೆ ಟ್ರೇಲರನ್ನು ದಡದಲ್ಲೇ ನಿಲ್ಲಿಸುವುದು, ಮಳೆಗಾಲಕ್ಕೆ ಮುನ್ನ ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ಹೊಸದನ್ನು ತುಂಬುವುದು, ಇವೆರಡನ್ನು ತಪ್ಪದೆ ಮಾಡಿದರೆ ಆ ಚಕ್ರ ಬಹುಕಾಲ ಬಾಳಿಕೆ ಬರುತ್ತದೆ.