ಗಿಣಿಗೆ ಮೆಣಸಿನಕಾಯಿ ಕೊಡಬಹುದು, ಒಗ್ಗರಣೆ ಮಂಡಕ್ಕಿ ಬೇಡ

ಕಂಪ್ಲಿ ಕಡೆಯ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪಗಾಗುವ ಹೊತ್ತಿಗೆ ಹಸಿರು ಗಿಣಿಗಳೂ ಬಂದಿಳಿಯುತ್ತವೆ. ಒಂದು ಗಿಣಿಯನ್ನು ಗಮನವಿಟ್ಟು ನೋಡಿ. ಕಾಯಿಯನ್ನು ಒಂದು ಕಾಲಲ್ಲಿ ಹಿಡಿದು ಬಾಯಿಗೆ ತರುತ್ತದೆ, ತೊಟ್ಟು ಕಡಿದು ಬಿಸಾಡುತ್ತದೆ, ಸಿಪ್ಪೆ ಸೀಳುತ್ತದೆ, ಆಮೇಲೆ ದಪ್ಪ ನಾಲಿಗೆಯಿಂದ ಬೀಜ ಹೊರಳಿಸುತ್ತಾ ಮೆಲ್ಲಗೆ ತಿನ್ನುತ್ತದೆ. ಬಾಯಿ ಉರಿಯಿತು ಎಂದು ತಲೆ ಕೊಡವುವುದಿಲ್ಲ, ನೀರು ಹುಡುಕಿಕೊಂಡು ಓಡುವುದಿಲ್ಲ. ಅದೇ ಕಾಯಿಯನ್ನು ನೀವು ಕಚ್ಚಿದರೆ ಮನೆಯವರೆಲ್ಲ ಬೆಲ್ಲದ ಡಬ್ಬಿ ಹುಡುಕಬೇಕಾಗುತ್ತದೆ!

ಮಕ್ಕಳೇ, ಖಾರ ನಿಜಕ್ಕೂ ಒಂದು ರುಚಿಯಲ್ಲ, ಉರಿ. ನಮ್ಮ ನಾಲಿಗೆಯ ನರಗಳ ತುದಿಯಲ್ಲಿ ಒಂದು ಬಗೆಯ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿಗಿಂತ ಬಿಸಿಯಾದದ್ದು ತಾಗಿದರೆ ‘ಸುಡುತ್ತಿದೆ’ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ಅದೇ ಪ್ರೋಟೀನಿಗೆ ಅಂಟಿಕೊಂಡು, ಬಿಸಿ ಇಲ್ಲದಿದ್ದರೂ ಸುಟ್ಟಂತೆ ಸುಳ್ಳು ಸುದ್ದಿ ಕಳಿಸುತ್ತದೆ. 1997ರಲ್ಲಿ ಇದನ್ನು ಪತ್ತೆಹಚ್ಚಿದ ತಂಡದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಹಕ್ಕಿಗಳಲ್ಲೂ ಈ ಪ್ರೋಟೀನ್ ಇದೆ. ಅವಕ್ಕೂ ಬಿಸಿ ತಿಳಿಯುತ್ತದೆ. ಆದರೆ ಅದರ ರಚನೆ ಸ್ವಲ್ಪ ಬೇರೆಯಾದ್ದರಿಂದ ಕ್ಯಾಪ್ಸೈಸಿನ್ ಅದನ್ನು ಎಬ್ಬಿಸಲಾರದು.

ಗಿಡಕ್ಕೆ ಇದರಿಂದ ಲಾಭವೂ ಇದೆ. ಇಲಿ ಹೆಗ್ಗಣಗಳು ಬೀಜವನ್ನು ಅಗಿದು ಹಾಳುಮಾಡುವಂಥವು; ಆದರೆ ಖಾರಕ್ಕೆ ಹೆದರಿ ದೂರ ಉಳಿಯುತ್ತವೆ. ಎಷ್ಟೋ ಹಕ್ಕಿಗಳು ಬೀಜವನ್ನು ಇಡಿಯಾಗಿ ನುಂಗಿ ಇನ್ನೆಲ್ಲೋ ಹಿಕ್ಕೆಯಲ್ಲಿ ಬೀಳಿಸುತ್ತವೆ. ನಮ್ಮ ಗಿಣಿ ಮಾತ್ರ ಈ ಉಪಕಾರ ಮಾಡುವುದಿಲ್ಲ, ಅದು ಬೀಜವನ್ನೇ ಒಡೆದು ತಿನ್ನುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗು ಹತ್ತಿ ಸುಮಾರು 500 ವರ್ಷದ ಹಿಂದೆ ಇತ್ತ ಬಂದದ್ದು. ಅದಕ್ಕೂ ಮೊದಲು ಇಲ್ಲಿನ ಗಿಣಿಗಳು ಅದರ ಮುಖವನ್ನೇ ಕಂಡಿರಲಿಲ್ಲ.

ಹಾಗಾದರೆ ಮನೆಯ ಪಂಜರದ ಗಿಣಿಗೂ ಮೆಣಸಿನಕಾಯಿ ಕೊಡಬಹುದೇ? ಕೊಡಬಹುದು. ಆದರೆ ಯಾವ ಗಿಣಿ ಎಂದು ಮೊದಲು ಕೇಳಬೇಕು. ಹಂಪಿಯ ಗೋಪುರದ ಬಿರುಕುಗಳಲ್ಲಿ, ಮರದ ಪೊಟರೆಗಳಲ್ಲಿ ಗೂಡು ಮಾಡುವ, ಕೊರಳಿಗೆ ಗುಲಾಬಿ ಪಟ್ಟಿಯ ಹಸಿರು ಗಿಣಿಯಾಗಲಿ, ಸಂಡೂರಿನ ಕಾಡುಗುಡ್ಡಗಳ ಕೆಂದಲೆ ಗಿಣಿಯಾಗಲಿ ಪಂಜರಕ್ಕೆ ಸೇರಿದವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಣಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಈ ಮಾತನ್ನು ದೊಡ್ಡವರಿಗೂ ಹೇಳಿ, ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೊಸಪೇಟೆಯ ಮನೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಸಾಕುವ ಚಿಕ್ಕ ಹಕ್ಕಿಗಳು ಹೆಚ್ಚಾಗಿ ಬಡ್ಜರಿಗರ್‌ಗಳು. ಇವೂ ಗಿಣಿಯ ಬಳಗವೇ. ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಹುಲ್ಲಿನ ಬೀಜ ತಿಂದು ಬದುಕುವ ಜಾತಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜರಿಗರ್‌ಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಅವು ಪಂಜರಗಳಲ್ಲೇ ಮರಿ ಮಾಡುತ್ತಾ ಲೋಕವೆಲ್ಲ ಹರಡಿದವು. ಮುಂದಿನ ಮಾತೆಲ್ಲ ಇವುಗಳದ್ದು.

ಒಂದು ಲೆಕ್ಕ ಮಾಡೋಣ. ಬಡ್ಜರಿಗರ್ ತೂಕ 30ರಿಂದ 40 ಗ್ರಾಂ. ನಿಮ್ಮ ತೂಕ 30 ಕಿಲೋ ಇದ್ದರೆ ನೀವು ಅದರ ಹೆಚ್ಚುಕಡಿಮೆ ಸಾವಿರ ಪಟ್ಟು. ಸಂಜೆ ಎಲ್ಲರೂ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿನ್ನುವಾಗ ಪಾಪ ಅದಕ್ಕೂ ಇರಲಿ ಎಂದು ಒಂದೇ ಗ್ರಾಂ ಹಾಕಿದಿರಿ ಎನ್ನಿ. ನಿಮ್ಮ ಮುಂದೆ ಒಂದು ಕಿಲೋ ಮಂಡಕ್ಕಿ ಸುರಿದಂತಾಯಿತು! ಅದರಲ್ಲಿರುವ ಉಪ್ಪು, ಎಣ್ಣೆಯನ್ನು ಆ ಪುಟ್ಟ ಮೂತ್ರಪಿಂಡ, ಪುಟ್ಟ ಯಕೃತ್ತು ಹೇಗೆ ತಡೆದಾವು? ಒಗ್ಗರಣೆಯ ಉಳ್ಳಾಗಡ್ಡಿಯಂತೂ ಹಸಿಯಾದರೂ ಬೆಂದಿದ್ದರೂ ಬೇಡ. ಅದರ ಗಂಧಕದ ಸಂಯುಕ್ತಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೆಳ್ಳುಳ್ಳಿಯೂ ಹಾಗೆಯೇ. ಎಲ್ಲಕ್ಕಿಂತ ಅಪಾಯ ಬೆಣ್ಣೆಹಣ್ಣಿನದು. ಅದರ ಪರ್ಸಿನ್ ಎಂಬ ವಸ್ತು ನಮಗೇನೂ ಮಾಡುವುದಿಲ್ಲ, ಗಿಣಿಗಳ ಹೃದಯಕ್ಕೆ ನೇರ ಪೆಟ್ಟು ಕೊಡುತ್ತದೆ. ಚೂರೂ ಕೊಡಬೇಡಿ. ಚಾಕೊಲೇಟ್, ಚಹಾ, ಹಸಿರುಗಟ್ಟಿದ ಆಲೂಗಡ್ಡೆ, ಟೊಮೆಟೊ ಗಿಡದ ಎಲೆ, ಸೇಬಿನ ಬೀಜ, ಬೇಯಿಸದ ಅವರೆ, ರಾಜ್ಮಾ ಕೂಡ ದೂರವಿರಲಿ.

ಹಾಗೆಂದು ಬರೀ ಕಾಳು ಹಾಕಿದರೆ ಸಾಕೇ? ಸಾಲದು. ನವಣೆ, ಸಜ್ಜೆ ಬಡ್ಜರಿಗರ್‌ಗೆ ಬಲು ಇಷ್ಟ, ನಮ್ಮ ಕಡೆಯ ಬೆಳೆಯೂ ಹೌದು. ಆದರೆ ಅವುಗಳಲ್ಲಿ ಎ ಜೀವಸತ್ವ ತೀರಾ ಕಡಿಮೆ. ವರ್ಷಗಟ್ಟಲೆ ಕಾಳೇ ತಿಂದ ಹಕ್ಕಿಯ ಬಾಯಿ, ಮೂಗಿನ ಒಳಪದರ ಒರಟಾಗಿ ಕೆಡುತ್ತದೆ. ಸೀನು, ಮೂಗು ಕಟ್ಟುವುದು, ಬಾಯೊಳಗೆ ಬಿಳಿ ಮಚ್ಚೆ ಶುರುವಾಗುತ್ತವೆ. ಗಜ್ಜರಿ, ಸಿಹಿಗುಂಬಳ, ನುಗ್ಗೆಸೊಪ್ಪುಗಳಲ್ಲಿರುವ ಕೆರೋಟಿನ್ ಅನ್ನು ಹಕ್ಕಿಯ ಮೈ ತಾನೇ ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ನುಗ್ಗೆಸೊಪ್ಪಿಗೇ ಮೊದಲ ಮಣೆ. ಹಿತ್ತಲಲ್ಲೇ ಮರವಿದ್ದರೆ ಔಷಧಿ ಹೊಡೆದಿದ್ದಾರೋ ಎಂಬ ಅಂಜಿಕೆಯೂ ಇಲ್ಲ. ಮೆಂತ್ಯ, ಕೊತ್ತಂಬರಿ ಒಳ್ಳೆಯವು. ಪಾಲಕ್ ಅಪರೂಪಕ್ಕಿರಲಿ, ಅದರ ಆಕ್ಸಾಲಿಕ್ ಆಮ್ಲ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೌತೆಕಾಯಿ ಬೇಸಿಗೆಗೆ ತಂಪು. ಅದರಲ್ಲಿರುವುದೆಲ್ಲ ಹೆಚ್ಚುಕಡಿಮೆ ನೀರೇ.

ಸಂತೆಯಿಂದ ತಂದ ಸೊಪ್ಪಿನ ಕಟ್ಟನ್ನು ಮೊದಲು ಪೂರ್ತಿ ಬಿಚ್ಚಿ. ಕಟ್ಟಿದ ದಾರ, ರಬ್ಬರ್ ಎಸೆಯಿರಿ. ಗಿಣಿ ಅದನ್ನು ನುಂಗಬಹುದು, ಇಲ್ಲವೇ ಕಾಲಿಗೆ ಸುತ್ತಿಕೊಳ್ಳಬಹುದು. ಕೊಳೆತ ಎಲೆ ತೆಗೆದು, ಹರಿಯುವ ನೀರಿನಲ್ಲಿ ಎಲೆಎಲೆಯನ್ನೂ ತಿಕ್ಕಿ ತೊಳೆಯಿರಿ. ಹೂಕೋಸು, ಮೆಣಸಿನಕಾಯಿಯಂಥ ಬೆಳೆಗೆ ಔಷಧಿ ಹೆಚ್ಚು ಹೊಡೆಯುತ್ತಾರೆ, ಅವನ್ನು ಇನ್ನೂ ಚೆನ್ನಾಗಿ ತೊಳೆಯಬೇಕು. ಒದ್ದೆ ಎಲೆಯನ್ನು ಹಾಗೇ ಪಂಜರದ ಸರಳಿಗೆ ಸಿಕ್ಕಿಸಿ. ಬಡ್ಜರಿಗರ್ ಆ ನೀರಿಗೆ ಮೈ ಉಜ್ಜಿಕೊಂಡು ಸ್ನಾನ ಮಾಡುತ್ತದೆ, ಮಾಡುತ್ತಲೇ ಒಂದು ಚೂರು ಕಚ್ಚಿಯೂ ನೋಡುತ್ತದೆ. ಮೊದಮೊದಲು ಹೊಸ ತರಕಾರಿ ಕಂಡರೆ ಹೆದರಿ ಮೂಲೆ ಸೇರಬಹುದು. ಆಗ ಅದರೆದುರೇ ನೀವು ಗಜ್ಜರಿ ತಿನ್ನಿ. ದಿನಾ ಇಡುತ್ತಾ ಹೋಗಿ. ತರಕಾರಿ ತಿನ್ನಲೆಂದು ಕಾಳು ನಿಲ್ಲಿಸಿ ಉಪವಾಸ ಕೆಡವಬೇಡಿ, ಇಷ್ಟು ಚಿಕ್ಕ ಜೀವ ಹಸಿವು ತಡೆಯದು.

ಹೊಸಪೇಟೆಯ ಬೇಸಿಗೆ ನಿಮಗೇ ಗೊತ್ತು, 40 ಡಿಗ್ರಿ. ಹೆಚ್ಚಿದ ತರಕಾರಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೆಳಗಿನ ತಂಪಿನಲ್ಲಿ ಇಟ್ಟು, ಒಂದೆರಡು ತಾಸಿನೊಳಗೆ ಉಳಿದದ್ದನ್ನು ತೆಗೆದುಬಿಡಿ.

ಸೊಪ್ಪು ತಿಂದ ದಿನ ಹಿಕ್ಕೆ ನೀರಾಗಿದ್ದರೆ ಗಾಬರಿ ಬೇಡ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ: ಬಣ್ಣದ ಸುರುಳಿ ಮಲ, ಬಿಳಿಯ ಭಾಗ ಯೂರಿಕ್ ಆಮ್ಲ, ಸುತ್ತಲಿನ ತಿಳಿನೀರು ಮೂತ್ರ. ತಿಳಿನೀರಷ್ಟೇ ಹೆಚ್ಚಾಗಿದ್ದರೆ ಅದು ತರಕಾರಿಯ ನೀರು. ಸುರುಳಿಯೇ ಕರಗಿ ಗಂಜಿಯಾಗಿದ್ದು, ಹಕ್ಕಿ ಪುಕ್ಕ ಉಬ್ಬಿಸಿ ಮಂಕಾಗಿ ಕೂತಿದ್ದರೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತವೆ, ಅದಕ್ಕೇ ಅಡುಗೆಮನೆಯ ಡಿಜಿಟಲ್ ತಕ್ಕಡಿ ನಿಮ್ಮ ನೆರವಿಗೆ ಬರುತ್ತದೆ. ವಾರಕ್ಕೊಮ್ಮೆ, ಬೆಳಗ್ಗೆ ಕಾಳು ಹಾಕುವ ಮುಂಚೆ, ಹಕ್ಕಿಯನ್ನು ಸಣ್ಣ ಡಬ್ಬಿಯಲ್ಲಿ ಕೂರಿಸಿ ತೂಗಿ, ಡಬ್ಬಿಯ ತೂಕ ಕಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಪಕ್ಕದಲ್ಲೇ ಆ ವಾರ ಯಾವ ಸೊಪ್ಪು ತಿಂದಿತು ಎಂದೂ ಬರೆಯಿರಿ. 35 ಗ್ರಾಂ ಇದ್ದದ್ದು 31ಕ್ಕೆ ಇಳಿದಿದ್ದರೆ, ಮೇಲ್ನೋಟಕ್ಕೆ ಎಷ್ಟೇ ಚೆನ್ನಾಗಿ ಚಿಲಿಪಿಲಿಗುಟ್ಟುತ್ತಿದ್ದರೂ, ಆ ಪುಸ್ತಕ ಹಿಡಿದು ವೈದ್ಯರಲ್ಲಿಗೆ ಹೋಗಿ.