ಸೋರಿಯಾಸಿಸ್: ಚರ್ಮ, ಮನಸ್ಸು ಮತ್ತು ಬೊಜ್ಜಿನ ನಂಟು

(ಆಸ್ಪತ್ರೆಯ ಆರೋಗ್ಯ ಮಾಹಿತಿ ಸಭೆಯಲ್ಲಿ ಚರ್ಮರೋಗ ವೈದ್ಯರು ನೀಡಿದ ಉಪನ್ಯಾಸ)



ಹಿಂದೊಮ್ಮೆ ಬ್ಯಾಡಗಿ ಕಡೆಯ ತಾಯಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವುದು ಅವರ ಕಾಯಕ. ಮೊಣಕೈ, ಮೊಣಕಾಲು, ತಲೆಯ ಮೇಲೆ ಕೆಂಪು ಕಲೆಗಳು, ಅವುಗಳ ಮೇಲೆ ಬೆಳ್ಳಗಿನ ಹೊಟ್ಟು. "ಮನ್ಯಾಗ ನನ್ನ ತಾಟು ಬ್ಯಾರೆ ಇಟ್ಟಾರ್ರೀ" ಎಂದು ತಲೆ ತಗ್ಗಿಸಿದರು. ವಿಚಾರಿಸಿದಾಗ ಇನ್ನಷ್ಟು ತಿಳಿಯಿತು. ರಾತ್ರಿ ನಿದ್ದೆಯಿಲ್ಲ, ಕೆಲಸಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ, ತೂಕ ಏರಿದೆ, ಯಾರೊಡನೆಯೂ ಮಾತು ಬೇಡವೆನಿಸುತ್ತದೆ. ಚರ್ಮಕ್ಕೆ ಮುಲಾಮು ಹಚ್ಚುತ್ತಿದ್ದರು, ತೂಕಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು, ಮನಸ್ಸಿನ ನೋವನ್ನು ಯಾರಿಗೂ ಹೇಳಿರಲಿಲ್ಲ. ಈ ಮೂರಕ್ಕೂ ಒಳಗಿನಿಂದ ನಂಟಿದೆ ಎಂಬುದನ್ನು ತಿಳಿಸುವುದೇ ಇಂದಿನ ನನ್ನ ಉದ್ದೇಶ.

ಜೋಳದ ಹೊಲ ಕಾಯುವವನು ಹಕ್ಕಿ ಬಂದಾಗ ಕವಣೆ ಬೀಸುತ್ತಾನೆ. ಹಕ್ಕಿಯಿಲ್ಲದಾಗಲೂ ಬೀಸುತ್ತಲೇ ಇದ್ದರೆ ತೆನೆಗೇ ಪೆಟ್ಟು ಬೀಳುತ್ತದೆ. ನಮ್ಮ ದೇಹದ ರೋಗನಿರೋಧಕ ಶಕ್ತಿಯೂ ಹಾಗೆಯೇ. ಸೋರಿಯಾಸಿಸ್‌ನಲ್ಲಿ ಅದು ರೋಗಾಣು ಇಲ್ಲದೆಯೂ ಕೆಲಸಕ್ಕಿಳಿದು ಚರ್ಮವನ್ನು ಕೆಣಕುತ್ತದೆ. ಇದನ್ನೇ ಉರಿಯೂತ ಎನ್ನುತ್ತೇವೆ. ಸಾಮಾನ್ಯವಾಗಿ ಸುಮಾರು 4 ವಾರಗಳಲ್ಲಿ ಬದಲಾಗುವ ಚರ್ಮದ ಮೇಲ್ಪದರ ಇಲ್ಲಿ ಕೆಲವೇ ದಿನಗಳಲ್ಲಿ ಬೆಳೆದು, ಹೊಟ್ಟಾಗಿ ಉದುರುತ್ತದೆ.

ಉರಿಯೂತವನ್ನು ನಡೆಸುವ ರಾಸಾಯನಿಕಗಳು ರಕ್ತದಲ್ಲಿ ಸೇರಿ ದೇಹವೆಲ್ಲ ಸುತ್ತುತ್ತವೆ. ಅವುಗಳಲ್ಲಿ ಟಿಎನ್‌ಎಫ್ ಎಂಬುದು ಮುಖ್ಯವಾದುದು. ಹೊಟ್ಟೆಯ ಸುತ್ತ ಶೇಖರವಾದ ಕೊಬ್ಬು ಕೂಡ ಇದೇ ಟಿಎನ್‌ಎಫ್ ಅನ್ನು ತಯಾರಿಸುತ್ತದೆ. ಆದ್ದರಿಂದ ಬೊಜ್ಜು ಇದ್ದವರಲ್ಲಿ ಸೋರಿಯಾಸಿಸ್ ಬರುವ ಸಂಭವ ಹೆಚ್ಚು, ಬಂದ ಮೇಲೆ ಔಷಧಿ ನಾಟುವುದು ಕಡಿಮೆ. ಕೀಲು ನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳೂ ಇವರಲ್ಲಿ ಹೆಚ್ಚಾಗಿ ಕಾಣುತ್ತವೆ.

ಮನಸ್ಸಿಗೂ ಈ ಬಿಸಿ ತಟ್ಟುತ್ತದೆ. ಹಿಂದೆ ಹೆಪಟೈಟಿಸ್-ಸಿ ರೋಗಿಗಳಿಗೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಕೊಡುತ್ತಿದ್ದರು. ಅದು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಔಷಧಿ. ಅದನ್ನು ಪಡೆದವರಲ್ಲಿ ಹಲವರಿಗೆ ಖಿನ್ನತೆ ಬಂದಿತು. ಉರಿಯೂತದ ರಾಸಾಯನಿಕಗಳು ಮಿದುಳಿನ ಮೇಲೂ ಪರಿಣಾಮ ಬೀರುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಅದರ ಜೊತೆಗೆ ಜನರ ನೋಟ, ತುರಿಕೆ, ನಿದ್ದೆಗೇಡು ಸೇರಿದರೆ ಮನಸ್ಸು ಕುಗ್ಗದೆ ಇದ್ದೀತೆ? ಕುಗ್ಗಿದ ಮನಸ್ಸಿಗೆ ನಡೆದಾಡುವ ಉತ್ಸಾಹವಿಲ್ಲ, ತೂಕ ಏರುತ್ತದೆ, ತೂಕ ಏರಿದರೆ ಚರ್ಮ ಕೆರಳುತ್ತದೆ. ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತು. ಇದರಲ್ಲಿ ನಿಮ್ಮ ತಪ್ಪಿಲ್ಲ, ಪಾಪಕರ್ಮವೂ ಇಲ್ಲ.

ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬಹುದು.

ತೂಕ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. 80 ಕಿಲೋ ಇರುವವರು 4ರಿಂದ 8 ಕಿಲೋ ಇಳಿಸಿದರೂ ಚರ್ಮಕ್ಕೆ ಅನುಕೂಲವಾಗುತ್ತದೆ. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಪಲ್ಯ ಇರಲಿ. ಸಂಜೆಯ ಮಿರ್ಚಿ ಭಜಿ, ಸಕ್ಕರೆ ಚಹಾ ಕಡಿಮೆಯಾಗಲಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ನಂಜು ಎಂದು ಬದನೆಕಾಯಿ, ಮೆಣಸಿನಕಾಯಿಗಳನ್ನು ಎಲ್ಲರೂ ಬಿಡಬೇಕಿಲ್ಲ. ತಂಬಾಕು ಮತ್ತು ಸಾರಾಯಿ ಮಾತ್ರ ಬಿಡಲೇಬೇಕು.

ಚರ್ಮ: ಕೆರೆಯಬೇಡಿ, ಕೆರೆದ ಗಾಯದಲ್ಲೇ ಹೊಸ ಕಲೆ ಏಳುತ್ತದೆ. ಸ್ನಾನದ ನಂತರ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿರಿ. ಔಷಧಿ ಅಂಗಡಿಯಿಂದ ನೀವೇ ಸ್ಟಿರಾಯ್ಡ್ ಮುಲಾಮು, ಮಾತ್ರೆ ತರಬೇಡಿ. ಸ್ಟಿರಾಯ್ಡ್ ಮಾತ್ರೆ ನಿಲ್ಲಿಸಿದಾಗ ರೋಗ ಭುಗಿಲೇಳಬಹುದು. ಮೆಥೋಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದರೆ ನೆನಪಿರಲಿ, ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೆ ಅಪಾಯ. ಗರ್ಭಿಣಿಯರು ಅದನ್ನು ತೆಗೆದುಕೊಳ್ಳಲೇಬಾರದು.

ಮನಸ್ಸು: ಎರಡು ವಾರಕ್ಕಿಂತ ಹೆಚ್ಚು ದಿನ ಬೇಸರ, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಕಂಡರೆ ವೈದ್ಯರಿಗೆ ಹೇಳಿರಿ. ಇದಕ್ಕೂ ಔಷಧಿಯಿದೆ, ಸಮಾಲೋಚನೆಯಿದೆ. ಬದುಕೇ ಸಾಕೆನಿಸಿದರೆ ಅದೇ ದಿನ ಹೇಳಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯೂ ನಮಗೆ ದೂರವೇನಲ್ಲ.

ಇನ್ನು ರೋಗಿಗಳ ಜೊತೆ ಬಂದವರಿಗೆ ಒಂದು ಮಾತು. ಸೋರಿಯಾಸಿಸ್ ಅಂಟುರೋಗವಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯೂ ತನ್ನ ನಿರ್ಣಯದಲ್ಲಿ ಇದನ್ನೇ ಹೇಳಿದೆ. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಕೈಗೆ ನಿಲುಕದ ಬೆನ್ನಿಗೆ ನೀವೇ ಎಣ್ಣೆ ಹಚ್ಚಿರಿ. ಆ ಕೈ ಸೋಕಿದರೆ ಅರ್ಧ ನೋವು ಇಳಿಯುತ್ತದೆ.

ಆ ತಾಯಿಯ ಮಗನನ್ನು ಕರೆಸಿ ಇಷ್ಟನ್ನೇ ಹೇಳಿದ್ದೆವು. ಮುಂದಿನ ಸಲ ಬಂದಾಗ ಕಲೆಗಳು ಪೂರ್ತಿ ಹೋಗಿರಲಿಲ್ಲ. ಆದರೆ ನಿದ್ದೆ ಬರುತ್ತಿತ್ತು, ಕೆಲಸಕ್ಕೆ ಹೋಗುತ್ತಿದ್ದರು. "ಈಗ ಎಲ್ಲಾರೂ ಕೂಡೇ ಉಣ್ತೇವ್ರೀ" ಎಂದು ನಕ್ಕರು.

ಮಠದ ದಾಸೋಹದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ನಿಮ್ಮ ಮನೆಯ ಊಟದಲ್ಲೂ ಅದೇ ಪಂಕ್ತಿಯಿರಲಿ ಎಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.