ಫ್ರಿಜ್ಜಿನೊಳಗಿನ ಇನ್ಸುಲಿನ್‌ಗೆ ಒಂದು ಕಾವಲು



ವಾಕಡದಿಂದ ಹಿಂಜವಡಿಯ ಕಂಪನಿಗಳಿಗೆ ಹೋಗಿಬರುವ ಕನ್ನಡದ ಮನೆಗಳು ಸಾಕಷ್ಟಿವೆ. ಮಗ ಸೊಸೆ ಬೆಳಿಗ್ಗೆ ಹೊರಟರೆ ಮನೆಯಲ್ಲಿ ಉಳಿಯುವವರು ಊರಿಂದ ಬಂದ ಅಪ್ಪ, ಅಮ್ಮ. ಫ್ರಿಜ್ಜಿನಲ್ಲಿ ಅವರ ಇನ್ಸುಲಿನ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ ಎಂದು ನಿಮಗೆ ಗೊತ್ತು. ಆದರೆ ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ. ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಳಸಬಾರದು.

ಕಾವಲಿಗೆ ಬೇಕಾದದ್ದು ಆರ್ಡುಯಿನೋ ಉನೋ ಬೋರ್ಡು, ಉಷ್ಣತೆಯ ಸೆನ್ಸರ್, 16 ಅಕ್ಷರ 2 ಸಾಲಿನ ಎಲ್‌ಸಿಡಿ. ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಕನ್ನಡ ಬಿ.ಎ. ಓದಿದವಳಿಗೆ ಇದೆಲ್ಲ ಯಾಕೆ ಎನ್ನಬೇಡಿ, ನಮ್ಮ ಮನೆಯಲ್ಲೂ ಫ್ರಿಜ್ಜಿದೆ!

ಅಂಗಡಿಯವರು ಎಲ್‌ಎಂ35 ಕೊಟ್ಟರೆ ಬೇಡವೆನ್ನಿ. ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಒಳ್ಳೆಯ ಸೆನ್ಸರೇ ಅದು. ಆದರೆ ಸರಳ ಜೋಡಣೆಯಲ್ಲಿ ಅದರ ಅಳತೆ ಶುರುವಾಗುವುದೇ 2 ಡಿಗ್ರಿಯಿಂದ. ಹೆಪ್ಪುಗಟ್ಟುವ ಅಪಾಯ ಇರುವುದು ಅದಕ್ಕೂ ಕೆಳಗೆ. ಡಿಎಸ್18ಬಿ20 ತನ್ನಿ, ಉಕ್ಕಿನ ಕೊಳವೆಯಲ್ಲಿ ಮುಚ್ಚಿರುವುದು. ಅದರ ಡೇಟಾ ತಂತಿಗೂ 5 ವೋಲ್ಟಿಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇರಲಿ. ಪರದೆಯಲ್ಲಿ ಬರೀ ಕಪ್ಪು ಚೌಕಗಳು ಕಂಡರೆ ಮೊದಲು ಕಾಂಟ್ರಾಸ್ಟ್ ತಿರುಪನ್ನು ಸ್ವಲ್ಪ ತಿರುಗಿಸಿ.

ಮೇಲಿನ ಸಾಲಿನಲ್ಲಿ ಈಗಿನ ಉಷ್ಣತೆ. ಕೆಳಗಿನ ಸಾಲನ್ನು ದಯವಿಟ್ಟು ಖಾಲಿ ಬಿಡಬೇಡಿ, ನನಗೆ ಮುಖ್ಯವೆನಿಸುವುದು ಅದೇ. ನೀವು ಸಂಜೆ ಏಳಕ್ಕೆ ಬಂದು 5 ಡಿಗ್ರಿ ನೋಡಿದರೆ, ಮಧ್ಯಾಹ್ನ ಮೂರು ಗಂಟೆ ಕರೆಂಟ್ ಇರಲಿಲ್ಲ ಎಂಬುದು ಅದರಲ್ಲಿ ಕಾಣುವುದಿಲ್ಲ. ದಿನದ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ಅಲ್ಲಿ ತೋರಿಸಿ. ಕರೆಂಟ್ ಹೋದಾಗ ಕಾವಲುಗಾರನೂ ನಿದ್ದೆ ಹೋಗಬಾರದಲ್ಲ? ಚಾರ್ಜ್ ಆಗುತ್ತಲೇ ಕರೆಂಟ್ ಕೊಡುವ ಪವರ್ ಬ್ಯಾಂಕ್ ಹಾಕಿ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಸಣ್ಣ ಹೊರೆಗೆ ತಾವಾಗಿ ಆರಿಬಿಡುತ್ತವೆ. ಒಂದು ರಾತ್ರಿ ನಡೆಸಿ ನೋಡಿ.

ಸೆನ್ಸರನ್ನು ನೀರಿನ ಪುಟ್ಟ ಬಾಟಲಿಯಲ್ಲಿಳಿಸಿ ಇನ್ಸುಲಿನ್ ಪಕ್ಕದಲ್ಲೇ ಇಡಿ. ಅಮ್ಮ ಹಾಲಿಗೆಂದು ಬಾಗಿಲು ತೆಗೆದಾಗಲೆಲ್ಲ ಅಂಕಿ ಕುಣಿಯುವುದಿಲ್ಲ. ಇಡುವ ಮೊದಲು ಪುಡಿ ಐಸು ಬೆರೆಸಿದ ನೀರಿನಲ್ಲಿ ಅದ್ದಿ ನೋಡಿ, 0 ಡಿಗ್ರಿಯ ಅರ್ಧ ಡಿಗ್ರಿ ಆಚೀಚೆ ಬರಬೇಕು. ಕುದಿಯುವ ನೀರಿನಲ್ಲಿ ಪರೀಕ್ಷಿಸಿ 100 ಬರಲಿಲ್ಲವೆಂದು ಅಂಗಡಿಯವರೊಡನೆ ಜಗಳವಾಡಬೇಡಿ. ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ.

ಹಚ್ಚಿದ ಕೂಡಲೇ 85 ಎಂದು ಕಂಡರೆ ಗಾಬರಿ ಬೇಡ, ಅದು ಅಳೆಯುವ ಮುನ್ನ ಸೆನ್ಸರಿನಲ್ಲಿರುವ ಅಂಕಿ. ಅದು ಅತಿ ಹೆಚ್ಚಿನ ಲೆಕ್ಕಕ್ಕೆ ಸೇರದಂತೆ ಪ್ರೋಗ್ರಾಮಿನಲ್ಲಿ ತಡೆಯಿರಿ. ಡಲ್ಲಾಸ್ ಲೈಬ್ರರಿ ಬಳಸಿದವರಿಗೆ ಮೈನಸ್ 127 ಕಂಡರೆ ತಂತಿ ಬಿಟ್ಟಿದೆ ಎಂದರ್ಥ. ಕೆಳಗಿನ ಸಾಲಿನಲ್ಲಿ ನಿಜವಾಗಿಯೇ 2ಕ್ಕಿಂತ ಕಡಿಮೆ ಅಥವಾ 8ಕ್ಕಿಂತ ಹೆಚ್ಚು ಕಂಡ ದಿನ, ಆ ಇನ್ಸುಲಿನ್ ಬಳಸುವ ಮುನ್ನ ನಿಮ್ಮ ಡಾಕ್ಟರಿಗೊಂದು ಫೋನ್ ಮಾಡಿ.